ಗೋಡೆಯಿಲ್ಲದ ನೀರು

ಅರ್ಧ ದಿನದ ಶನಿವಾರ ಮುಗಿಸಿ, ಭಾನುವಾರ ಸಂಜೆವರೆಗೆ ಸೂಳೆಕೆರೆಯಲ್ಲಿ ಈಜೋಣವೆಂದು ಜಗಳೂರಿನ ನಮ್ಮ ಆಫೀಸಿನವರನ್ನು ಹೊರಡಿಸಿದವನು ನಾನೇ. ನಮ್ಮೂರು ಸೊಕ್ಕೆಯ ಬಾವಿಯಲ್ಲಿ ಈಜಿ ಬೆಳೆದವನಿಗೆ ಎಂಥ ಭಯ?

ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರ ಕೇಳಿದ, “ಈಜಾಕೆ ಎಲ್ಲಿ ಕಲ್ತ್ರಿ?”

“ಬಾವಿಯಾಗೆ. ಐವತ್ತು ಸುತ್ತು ಹೊಡಿತೀನಿ.”

“ಹಂಗಾದ್ರೆ ತಡೀರಿ, ತೆಪ್ಪ ತಗೊಂಡು ಹಿಂದೆ ಬರ್ತೀನಿ. ಬಾವಿಯಾಗೆ ಕಲ್ತೋರು ಗೋಡೆ ಹುಡುಕ್ತಾರೆ.”

ನಕ್ಕು ನೀರಿಗೆ ಹಾರಿದೆ. ಬಹಳ ದೂರ ಚೆನ್ನಾಗಿಯೇ ಈಜಿದೆ. ಸುಸ್ತಾದಾಗ, ಅಭ್ಯಾಸಬಲದಿಂದ, ಗೋಡೆಯ ಕಲ್ಲು ಹಿಡಿಯಲು ಕೈ ಚಾಚಿದೆ. ಎಲ್ಲಿಯ ಕಲ್ಲು? ಎರಡು ಗುಟುಕು ನೀರು ಕುಡಿಯುವಷ್ಟರಲ್ಲಿ ತೆಪ್ಪದ ಅಂಚು ಕೈಗೆ ಸಿಕ್ಕಿತು. ಆತ ಬೀಡಿ ಹಚ್ಚಿದ.

ಆದರೂ ಆಡಿದ ಮಾತು ತಪ್ಪಲಿಲ್ಲ. ಭಾನುವಾರ ಐವತ್ತು ಸುತ್ತು ಹೊಡೆದೇ ಬಿಟ್ಟೆ, ಅವನ ತೆಪ್ಪದ ಸುತ್ತ.