ಬಾಟನಿ ಮೇಡಂ ಕೇಳಿದ ಹೂವು

ಮೊನ್ನೆ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಚಾಮರಾಜನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬಾಟನಿ ಮೇಡಂ ನೆನಪಾದರು. ಅವರ ಕೋಣೆಯ ತುಂಬ ಇದೇ ವಾಸನೆ...

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನಗೆ ಮದುವೆಯಾಗಿ ವರ್ಷವಾಗಿತ್ತು. ಮೇಡಂ ಭಾನುವಾರ ಬಂತೆಂದರೆ ಹೆಗಲಿಗೊಂದು ಚೀಲ ಹಾಕಿ ಗುಂಡ್ಲುಪೇಟೆ ಬಸ್ಸು ಹತ್ತುವರು. ಸಂಜೆ ಚೀಲದ ತುಂಬ ಸೊಪ್ಪುಸದೆ. ಅದನ್ನು ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ಹಲಗೆ ಹೇರಿ, ದಿನಾ ಪೇಪರು ಬದಲಿಸಿ ಒಣಗಿಸುವರು. ಇಷ್ಟು ಕಷ್ಟ ಯಾರಾದರೂ ಸುಮ್ಮನೆ ಪಡುತ್ತಾರೆಯೇ? ರಾಜ್ಯದ ಗಡಿಯಾಚೆಯಿಂದ ಗುಂಡ್ಲುಪೇಟೆಗೆ ನಾರುಬೇರು ಕೊಳ್ಳುವವರು ಬರುತ್ತಾರೆಂದು ಕೇಳಿದ್ದೆ.

ಒಣಗಿದ ಗಿಡ ಅಂಟಿಸಿದ ಹಾಳೆಗಳನ್ನು ಒಮ್ಮೆ ತೋರಿಸಿದರು. ಒಂದೊಂದರ ಕೆಳಗೂ ಎರಡು ಪದದ ಲ್ಯಾಟಿನ್ ಹೆಸರು, ಅದರ ಪಕ್ಕ ಯಾರೋ ಮನುಷ್ಯರ ಹೆಸರು.

"ಇದು ಗಿಡದ ಮಾಲೀಕರದಾ ಮೇಡಂ?" ಎಂದೆ.

ಅವರು ನಕ್ಕರು. "ಅಲ್ಲಮ್ಮ. ಈ ಗಿಡ ಹೀಗಿದೆ ಅಂತ ಮೊದಲು ಬರೆದು ಹೆಸರಿಟ್ಟವರದು."

ನಾನು ನಂಬಲಿಲ್ಲ. ಹೆಸರು ಬಿದ್ದ ಮೇಲೆ ಪಹಣಿ ಆದ ಹಾಗೇ ತಾನೆ?

ಹರವೆಯ ಹಳ್ಳಿಮನೆಯಲ್ಲಿದ್ದ ನನ್ನ ಅತ್ತೆಗೆ ಮಾತ್ರ ಮೇಡಂ ಅಂದರೆ ಪ್ರಾಣ. ಅಲ್ಲಿ ನಮ್ಮ ಹೊಲದ ಪಕ್ಕದ ಬಂಡೆ ಸಂದಿಯಲ್ಲಿ ಒಂದು ಬಳ್ಳಿ ಇತ್ತು. ಅದರ ಎಲೆ ಅರೆದು ಅತ್ತೆ ಊತಕ್ಕೆ ಹಚ್ಚುತ್ತಿದ್ದರು. ಅದನ್ನು ಮೇಡಂಗೆ ತೋರಿಸಿಯೂ ಬಿಟ್ಟರು. ಮೇಡಂ ಪುಸ್ತಕವೆಲ್ಲ ತಿರುವಿದರೂ ಅಂಥ ಗಿಡ ಸಿಗಲಿಲ್ಲ. ಹೂ ನೋಡದೆ ಏನೂ ಹೇಳಲಾಗದು, ಬಿಟ್ಟಾಗ ಒಂದು ಗೊಂಚಲು ತಂದುಕೊಡಿ ಎಂದು ಬೇಡಿಕೊಂಡರು.

ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮುತ್ತುಗದ ಎಲೆಯಲ್ಲಿ ಗೊಂಚಲು ಸುತ್ತಿಕೊಂಡು ಬಸ್ಸಿಳಿದರು. ಮೇಡಂ ಕಾಲೇಜಿಗೆ ಹೋಗಿದ್ದರು.

"ಹೂ ಬುಟ್ಟದೆ ಕಣಮ್ಮಿ. ಬಾಡೋಕ್ ಮುಂಚೆ ಮೇಡಮ್ಮೋರ್ಗೆ ಕೊಟ್ಬುಡು," ಎಂದು ನನ್ನ ಕೈಗಿತ್ತು ಊರಿಗೆ ಮರಳಿದರು.

ತಿಳಿ ಹಳದಿಯ ಪುಟ್ಟ ಪುಟ್ಟ ಹೂಗಳು... ನಮ್ಮ ಬಳ್ಳಿ ಅವರ ಹೆಸರಿಗೆ ಆಗುವುದು ಬೇಡವೆಂದು ಹಿತ್ತಿಲ ಒಲೆಗೆ ಹಾಕಿಬಿಟ್ಟೆ. ಮೇಡಂ ಕೇಳಿದಾಗ, ಈ ವರ್ಷ ಹೂ ಬಿಡಲಿಲ್ಲವಂತೆ ಎಂದೆ.

ಮರುತಿಂಗಳೇ ಅವರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಆ ಬಳ್ಳಿಯ ಹಾಳೆ ಕಣ್ಣಿಗೆ ಬಿತ್ತು. ಬರೀ ಎಲೆ. ಹೆಸರಿನ ಜಾಗ ಖಾಲಿ. ಕೆಳಗೆ 'ತೋರಿಸಿದವರು' ಎಂದು ಬರೆದು, ಮುಂದೆ ಅತ್ತೆಯ ಹೆಸರು.

"ಹೊಸ ಗಿಡವೇ ಆಗಿದ್ರೆ ನಿಮ್ಮತ್ತೆ ಹೆಸರೇ ಇಡೋಣ ಅಂತಿದ್ದೆ," ಎಂದರು ಮೇಡಂ. "ಪಕ್ಕದಲ್ಲಿ ಬರೆದವರ ಹೆಸರು ಬರುತ್ತೆ ಅಷ್ಟೇ, ಗಿಡಕ್ಕೆ ನಮ್ಮ ಹೆಸರು ನಾವೇ ಇಟ್ಕೊಳ್ಳೋ ರೂಢಿ ಇಲ್ಲ."

ಆಗಲೂ, ನನ್ನ ಬಾಯಿ ಬಿಡಿಸಲು ಹೀಗೆ ಹೇಳುತ್ತಿದ್ದಾರೇನೋ ಎಂದು ಮನಸ್ಸಿನ ಒಂದು ಮೂಲೆ ಅನ್ನುತ್ತಿತ್ತು.

ಮರುವರ್ಷ ಆ ಬಂಡೆಗೆ ಕರಿಕಲ್ಲಿನ ಕ್ವಾರಿ ಬಂತು. ಆ ಬಳ್ಳಿಯನ್ನು ಮತ್ತೆಲ್ಲೂ ನಾನು ಕಾಣಲಿಲ್ಲ. ಮೇಡಂ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಅತ್ತೆ ಕೊನೆಯವರೆಗೂ ಕೇಳುತ್ತಿದ್ದರು: "ನನ್ ಬಳ್ಳಿಗೆ ಏನ್ ಹೆಸರ್ ಮಡಗಿದ್ರಮ್ಮಿ ಮೇಡಮ್ಮೋರು?"

ಏನೋ ಇಂಗ್ಲಿಷಿನಲ್ಲಿದೆ, ನನಗೆ ಹೇಳಲು ಬರುವುದಿಲ್ಲ ಎನ್ನುತ್ತಿದ್ದೆ. ಈಗ ಕೇಳುವುದಕ್ಕೆ ಅವರೂ ಇಲ್ಲ.