ಮೆಲ್ಲಗೆ ಮಾಮನ ಒಂದೇ ಪ್ರಸಂಗ

ಆ ಬೀದಿಯ ದರ್ಜಿಗೆ ಹೆತ್ತವರು ಇಟ್ಟ ಹೆಸರು ಏನೆಂದು ಕೇಳಿದರೆ ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. ಎಲ್ಲರ ಬಾಯಲ್ಲೂ ಅವನು ಮೆಲ್ಲಗೆ ಮಾಮ. ಗಿರಾಕಿಗಳು ಅಂಗಡಿಯೊಳಗೆ ದಡಬಡ ನುಗ್ಗಿದರೆ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದ. ಮಕ್ಕಳು ಬೀದಿಯಲ್ಲಿ ಓಡಿದರೂ ಅದೇ ಮಾತು, ಹೆಂಡತಿ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟರೂ ಅದೇ ಮಾತು. ಹುಟ್ಟು ಪುಕ್ಕಲ ಎಂದು ಬೀದಿಯವರು ನಗುತ್ತಿದ್ದರು. ಆದರೆ ಅದು ಹುಟ್ಟಿನಿಂದ ಬಂದದ್ದಲ್ಲ. ಅವನ ಅಪ್ಪ ಕುಡಿದು ಬಂದು ಬಾಗಿಲು ಒದೆಯುತ್ತಿದ್ದ. ಆ ಸದ್ದು ಕೇಳಿದೊಡನೆ ಅಮ್ಮ ಅವನನ್ನು ಕಪಾಟಿನ ಸಂದಿಗೆ ತಳ್ಳುತ್ತಿದ್ದಳು. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಅಮ್ಮನ ಕಾಲುಗಳು ಮಾತ್ರ. ಅಪ್ಪ ಸತ್ತ ಮೇಲೆ ಸೋದರಮಾವ ತನ್ನ ಹೊಲಿಗೆ ಅಂಗಡಿಗೆ ಕರೆದುಕೊಂಡು ಹೋಗಿ ಗುಂಡಿ ಹೊಲಿಯಲು, ಕಾಜಾ ಹಾಕಲು ಕೂರಿಸಿದ. ತಲೆ ಬಗ್ಗಿಸಿ ಮಾಡುವ ಕೆಲಸ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅವನಿಗೆ ಅದು ಹಿಡಿಸಿತು.

ಈಗ ಅಂಗಡಿ ಅವನದೇ. ಮುಂದೆ ಕಬ್ಬಿಣದ ಶಟರು, ಬೆಳಕು ಬೀಳುವ ಕಡೆ ಹೊಲಿಗೆ ಯಂತ್ರ, ಗೋಡೆಗೆ ಆನಿಸಿದ ಇಸ್ತ್ರಿ ಮೇಜು, ಅದರ ಪಕ್ಕ ಒಂದು ಹಳೆಯ ಪರದೆ. ಪರದೆಯ ಹಿಂದಿನ ಒಂದೇ ಕೋಣೆಯಲ್ಲಿ ಗಂಡ ಹೆಂಡತಿಯ ಸಂಸಾರ. ಆ ಕೋಣೆಗೊಂದು ಹಿಂಬಾಗಿಲು, ಅದರಾಚೆ ನಲ್ಲಿಯಿರುವ ಓಣಿ. ಮಕ್ಕಳಿರಲಿಲ್ಲ. ಅವನು ಎಷ್ಟು ಅಂಜುಬುರುಕನೋ ಹೆಂಡತಿ ಅಷ್ಟೇ ಗಟ್ಟಿಗಿತ್ತಿ. ಇಲಿ ಬಂದರೆ ಅವನು ಮೇಜು ಹತ್ತುತ್ತಿದ್ದ, ಅವಳು ಪೊರಕೆ ಹಿಡಿಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಬೀದಿಯ ಕೊನೆಯ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದರು. ದೊಡ್ಡ ಸಭೆಯೇನಲ್ಲ. ಬೆಂಚುಗಳು ತುಂಬಿದ ದಿನ ಪಾದ್ರಿಗಳ ಮುಖ ಅರಳುತ್ತಿತ್ತು. ಆ ವರ್ಷ ಪಾದ್ರಿಗಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗುಣವಾಗುವ ತನಕ ತುಟಿ ಬಿಚ್ಚಕೂಡದೆಂದು ಡಾಕ್ಟರು ಹೇಳಿದರು. ಹೇಳುವುದನ್ನೆಲ್ಲ ಅವರು ಒಂದು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಭಾನುವಾರದ ಬೋಧನೆಯ ಪ್ರಸಂಗ ಮಾಡುವವರು ಯಾರು? ಸಂಗೀತದ ಮೇಷ್ಟ್ರು ಕೈ ಮುಗಿದರು. ಸೈಕಲ್ ರಿಪೇರಿಯವನು ನಕ್ಕು ಜಾರಿಕೊಂಡ. ಪಾದ್ರಿಗಳು ಅಂಗಡಿಗೆ ಬಂದು ಸ್ಲೇಟು ಹಿಡಿದರು: "ಈ ವಾರ ನೀನು. ನೆರೆಯವರನ್ನು ಪ್ರೀತಿಸುವ ವಿಷಯ." ಒಲ್ಲೆ ಎನ್ನುವುದಕ್ಕೂ ಧೈರ್ಯ ಬೇಕಲ್ಲ, ಅದೂ ಅವನಲ್ಲಿರಲಿಲ್ಲ. ಹೂಂ ಎಂದುಬಿಟ್ಟ.

ಭಾನುವಾರ ಎದ್ದು ನಿಂತಾಗ ಅವನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನೆಲ ನೋಡುತ್ತಲೇ ಶುರುಮಾಡಿದ.

"ನನಗೆ ಓದು ಬರಹ ಅಷ್ಟಕ್ಕಷ್ಟೆ. ಹೊಲಿಯೋದು ಗೊತ್ತು. ದೂರ ನಿಂತು ಯಾರ ಅಳತೆನೂ ತಗೊಳ್ಳೋಕಾಗಲ್ಲ. ಹತ್ತಿರ ಹೋಗಬೇಕು, ಕೈ ಎತ್ತಿ ಅಂತ ಹೇಳಬೇಕು. ನಾವು ಇಲ್ಲಿ ಬಂದು ಎಲ್ಲರನ್ನೂ ಪ್ರೀತಿಸ್ತೀವಿ ಅಂತ ಹಾಡ್ತೀವಿ. ಪಕ್ಕದ ಬೆಂಚಲ್ಲಿ ಕೂತವರಿಗೆ ಏನಾಗಿದೆ ಅಂತ ಕೇಳಲ್ಲ. ಕೇಳಿದ್ರೆ ಏನು ಹೇಳಿಬಿಡ್ತಾರೋ ಅಂತ ಭಯ. ಯೇಸುಸ್ವಾಮಿ ಹಾಗೆ ಮಾಡಲಿಲ್ಲ."

ಅಷ್ಟಕ್ಕೆ ಮಾತು ಮುಗಿದುಹೋಯಿತು. ಇನ್ನೂ ಏನಾದರೂ ಹೇಳಬೇಕೆಂದು ಜನ ಕಾಯುತ್ತಿದ್ದರು. ಅವನು ತಡವರಿಸುತ್ತ, "ಯಾರಿಗಾದ್ರೂ ಕಷ್ಟ ಬಂದ್ರೆ ನಮ್ಮ ಮನೆಗೆ ಬನ್ನಿ. ಮನೆ ಚಿಕ್ಕದು. ಆದ್ರೂ ಬನ್ನಿ" ಎಂದು ಹೇಳಿ ಕುಳಿತುಬಿಟ್ಟ. ಬೀಳ್ಕೊಡುವಾಗ ಎಲ್ಲರೂ ಆಡುವ ಮಾತು, ಅವನೂ ಹಾಗೆಯೇ ಆಡಿದ್ದ.

ಹೊರಗೆ ಬರುವಾಗ ಗೋದಾಮಿನ ಮೇಸ್ತ್ರಿ ಅವನ ಹೆಗಲ ಮೇಲೆ ಕೈಯಿಟ್ಟ. ಮೂಟೆ ಹೊರುವವರ ಮೇಲೆಲ್ಲ ದರ್ಬಾರು ನಡೆಸುವ ಆಳು ಅವನು. ಮಂದಿರದ ಛಾವಣಿ ಸೋರಿದಾಗ ತನ್ನ ಜನರನ್ನು ಕರೆತಂದು ಒಂದೇ ದಿನದಲ್ಲಿ ಸರಿಮಾಡಿಸಿದ್ದ. ಹಾಗಾಗಿ ಮುಂದಿನ ಬೆಂಚು ಅವನದು. "ಚೆನ್ನಾಗಿ ಹೇಳಿದೆ ಮಾಮ" ಎಂದ. ಕೈ ಭಾರವಾಗಿತ್ತು. ಮೇಸ್ತ್ರಿಯ ಹಿಂದೆ ಅವನ ಹೆಂಡತಿ ನಿಂತಿದ್ದಳು. ಆ ಬಿಸಿಲಲ್ಲೂ ಮಣಿಕಟ್ಟಿನ ತನಕ ತೋಳಿರುವ ಅಂಗಿ.

ಆ ಅಂಗಿ ಮೆಲ್ಲಗೆ ಮಾಮನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಭುಜದ ಹೊಲಿಗೆ ಮತ್ತೆ ಮತ್ತೆ ಬಿಚ್ಚಿ ಅವನ ಬಳಿ ಬರುತ್ತಿತ್ತು. "ಮೊಳೆಗೆ ಸಿಕ್ತು ಮಾಮ" ಎನ್ನುತ್ತಿದ್ದಳು. ಮೊಳೆಗೆ ಸಿಕ್ಕ ಬಟ್ಟೆ ಹೇಗೆ ಹರಿಯುತ್ತದೆ, ಕೈ ಹಾಕಿ ಎಳೆದ ಬಟ್ಟೆ ಹೇಗೆ ಹರಿಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಹೂಂ ಎಂದು ಎರಡೆರಡು ಹೊಲಿಗೆ ಹಾಕಿ ಕೊಡುತ್ತಿದ್ದ.

ಎರಡು ಮೂರು ದಿನ ಕಳೆದು, ಊಟದ ಹೊತ್ತು ಮೀರಿ ಬೀದಿ ತೂಕಡಿಸುತ್ತಿದ್ದಾಗ ಅವಳು ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲೊಂದು ಚೀಲ. ತುಟಿ ಒಡೆದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು.

"ಮನೆಗೆ ಬನ್ನಿ ಅಂದ್ರಲ್ಲ ಮಾಮ" ಎಂದಳು. "ಬಂದೆ."

ಅವನು ಎದ್ದು ನಿಂತ. ಅದು ಪ್ರಸಂಗದ ಮಾತು, ಹಾಗೆಲ್ಲ ಬಂದುಬಿಡುವುದಲ್ಲ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಪರದೆ ಸರಿಸಿ ಬಂದ ಹೆಂಡತಿ, "ಒಳಗೆ ಬಾ ತಾಯಿ. ಬಿಸಿಲಲ್ಲಿ ಯಾಕೆ ನಿಂತಿದೀಯ" ಎಂದು ಅವಳ ಕೈ ಹಿಡಿದು ಕರೆದೊಯ್ದಾಗಿತ್ತು.

ಒಳಗಿನ ಮಾತು ಅವನಿಗೆ ತುಂಡು ತುಂಡಾಗಿ ಕೇಳುತ್ತಿತ್ತು. ದೂರದೂರಿನಲ್ಲಿರುವ ಅಕ್ಕನಿಗೆ ಅವಳು ಫೋನು ಮಾಡಿದ್ದಾಳೆ, ಅಕ್ಕ ನಾಳೆ ಬೆಳಿಗ್ಗೆ ಬರುತ್ತಾಳೆ. ಅಲ್ಲಿಯ ತನಕ ಎಲ್ಲಾದರೂ ಇರಬೇಕು. "ಪೊಲೀಸರ ಹತ್ರ ಹೋಗೋಣವಾ?" ಎಂದು ಹೆಂಡತಿ ಕೇಳಿದಳು. "ಒಂದ್ಸಲ ಹೋಗಿದ್ದೆ ಅತ್ತೆ. ಅವರನ್ನೇ ಕರೆಸಿ, ಸಮಾಧಾನ ಹೇಳಿ, ನನ್ನನ್ನ ಅವರ ಜೊತೆನೇ ಕಳಿಸಿದ್ರು. ಅವತ್ತು ಆದದ್ದನ್ನ ಹೇಳೋಕಾಗಲ್ಲ" ಎಂದಳು.

ಮೆಲ್ಲಗೆ ಮಾಮ ಯಂತ್ರದ ಮುಂದೆ ಕುಳಿತ. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಒಂದು ಕಡೆ, ಸೂಜಿ ಒಂದು ಕಡೆ. ಬೀದಿಯಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಸದ್ದು ಮುಂದೆ ಹೋದರೆ ಉಸಿರು ಬರುತ್ತಿತ್ತು. ಯಾರೋ ಷರ್ಟು ಕೇಳಿಕೊಂಡು ಬಂದರು, ಅವನು ಪ್ಯಾಂಟು ಕೊಟ್ಟು ಕಳಿಸಿದ. ಶಟರು ಎಳೆದುಬಿಡೋಣ ಎನಿಸಿತು. ಹಗಲು ಹೊತ್ತಿನಲ್ಲಿ ಅಂಗಡಿ ಮುಚ್ಚಿದರೆ ಇಲ್ಲೇ ಇದ್ದಾಳೆಂದು ಸಾರಿದಂತೆ ಎಂದೂ ಎನಿಸಿತು. ಅವಳನ್ನು ಎಬ್ಬಿಸಿ ಬೇರೆಲ್ಲಾದರೂ ಹೋಗಮ್ಮ ಎನ್ನಲು ಒಮ್ಮೆ ಪರದೆಯ ತನಕ ಹೋದ. ಅವಳು ನೆಲದ ಮೇಲೆ ಮಲಗಿ ನಿದ್ದೆಹೋದಂತಿತ್ತು. ಪರದೆಯ ಕೆಳಗಿನಿಂದ ಪಾದಗಳು ಮಾತ್ರ ಕಾಣುತ್ತಿದ್ದವು. ಅವನು ತಿರುಗಿ ಬಂದು ಕುಳಿತ.

ದೀಪ ಹಚ್ಚುವ ಹೊತ್ತಿಗೆ ಮೇಸ್ತ್ರಿ ಬಂದ. ಕೂಗಾಡುತ್ತ ಬರುತ್ತಾನೆಂದುಕೊಂಡಿದ್ದರೆ ಅವನು ನಿಧಾನವಾಗಿ, ನಗುತ್ತಲೇ ಬಂದ. ಬಂದವನು ಶಟರನ್ನು ಅರ್ಧಕ್ಕೆ ಎಳೆದು ಸ್ಟೂಲಿನ ಮೇಲೆ ಕುಳಿತ.

"ಏನು ಮಾಮ, ಇನ್ನೂ ಕೆಲಸಾನಾ?"

"ಹೂಂ. ಸ್ವಲ್ಪ ಇದೆ."

ಮೇಸ್ತ್ರಿ ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡು ತೆರೆದ, ಮುಚ್ಚಿದ, ಮತ್ತೆ ತೆರೆದ. "ನಮ್ಮವಳು ಈ ಕಡೆ ಬಂದಿದ್ಲಾ?"

ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆ ಮಾತು ಅವನ ತುದಿನಾಲಿಗೆಯಲ್ಲೇ ಇತ್ತು. ಆದರೆ ಸುಳ್ಳು ಹೇಳಲೂ ನಾಲಿಗೆ ಏಳಲಿಲ್ಲ. ಬಾಯಿಂದ ಹೊರಟದ್ದೇ ಬೇರೆ.

"ಅದನ್ನ ನಾನು ಹೇಳಲ್ಲ."

ಮೇಸ್ತ್ರಿ ತಲೆಯೆತ್ತಿದ. "ಹೇಳಲ್ವಾ?"

"ಇಲ್ಲ. ಹೇಳಲ್ಲ."

"ಅಂದ್ರೆ ಇದ್ದಾಳೆ." ಮೇಸ್ತ್ರಿ ಕತ್ತರಿ ಕೆಳಗಿಟ್ಟು ಎದ್ದ. ಅವನು ಏಳುವಷ್ಟರಲ್ಲಿ ಮೆಲ್ಲಗೆ ಮಾಮ ಪರದೆಗೆ ಬೆನ್ನುಕೊಟ್ಟು ನಿಂತಿದ್ದ. ಹೇಗೆ ನಿಂತೆನೆಂದು ಅವನಿಗೇ ಗೊತ್ತಾಗಲಿಲ್ಲ. ಕಾಲು ನಡುಗುತ್ತಿದ್ದ ರೀತಿಗೆ ಹಿಂದಿನ ಪರದೆಯೂ ನಡುಗುತ್ತಿತ್ತು.

"ಮೆಲ್ಲಗೆ" ಎಂದ, ಅಭ್ಯಾಸಬಲದಿಂದ.

ಮೇಸ್ತ್ರಿ ಅವನ ಬಲಗೈ ಮಣಿಕಟ್ಟನ್ನು ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುವಿದ. ಏನೋ ಮುರಿದ ಸದ್ದು ಮೊದಲು ಕೇಳಿತು, ನೋವು ಆಮೇಲೆ ಬಂತು. ಮೇಸ್ತ್ರಿ ಅವನನ್ನು ಪಕ್ಕಕ್ಕೆ ತಳ್ಳಿ ಪರದೆಯನ್ನು ಕಿತ್ತೆಳೆದ.

ಕೋಣೆ ಖಾಲಿ. ಹಿಂಬಾಗಿಲು ಹಾರುಹೊಡೆದಿತ್ತು. "ನಮ್ಮವಳು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೆಂಡತಿ ಆ ಹೆಣ್ಣುಮಗಳನ್ನು ಎಬ್ಬಿಸಿ ಓಣಿಗೆ ದಾಟಿಸಿದ್ದಳು. ಇಷ್ಟು ಹೊತ್ತೂ ತಾನು ಕಾದದ್ದು ಬರೀ ಖಾಲಿ ಕೋಣೆಯನ್ನು ಎಂದು ಮೆಲ್ಲಗೆ ಮಾಮನಿಗೆ ಆಗ ತಿಳಿಯಿತು.

ಓಣಿಯಲ್ಲಿ ಹೆಂಡತಿ ಮೊದಲು ತಟ್ಟಿದ್ದು ಸಂಗೀತದ ಮೇಷ್ಟ್ರ ಬಾಗಿಲು. ಕಿಟಕಿ ಒಂದಿಷ್ಟು ತೆರೆಯಿತು, ಊದಿದ ಕಣ್ಣನ್ನು ನೋಡಿತು, ಮುಚ್ಚಿತು. ಮುಂದಿನ ಮನೆಯಲ್ಲಿ ಟೀವಿಯ ಸದ್ದು ನಿಂತಿತೇ ಹೊರತು ಯಾರೂ ಬರಲಿಲ್ಲ. ನಲ್ಲಿಯಾಚೆಯ ಮನೆ ಒಬ್ಬ ಮುದುಕಿಯದು. ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಅವಳು ಏನೂ ಕೇಳಲಿಲ್ಲ. ಹೆಣ್ಣುಮಗಳನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ, "ನಡಿ, ಮಾಮ ಒಬ್ಬನೇ ಇದ್ದಾನೆ ಅಲ್ಲಿ" ಎಂದಳು. ದಾರಿಯಲ್ಲಿ ಪಾದ್ರಿಗಳನ್ನು, ಸೈಕಲ್ ರಿಪೇರಿಯವನನ್ನು ಕರೆದುಕೊಂಡರು.

ಮೇಸ್ತ್ರಿ ಮೆಲ್ಲಗೆ ಮಾಮನ ಕೊರಳಪಟ್ಟಿ ಹಿಡಿದು "ಎಲ್ಲಿಗೆ ಕಳಿಸಿದೆ?" ಎಂದು ಕೇಳುತ್ತಿದ್ದಾಗ ಶಟರು ಮೇಲೆ ಹೋಯಿತು. ಕೊರಳಿಗೆ ಬ್ಯಾಂಡೇಜು ಸುತ್ತಿದ್ದ ಪಾದ್ರಿಗಳು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಗ್ರೀಸಿನ ಕೈಯ ಸೈಕಲ್‌ನವನು ಯಂತ್ರದ ಪಕ್ಕ ನಿಂತ. ಮುದುಕಿ ಸೀದಾ ಬಂದು ಮುರಿದ ಕೈಯ ಕೆಳಗೆ ತನ್ನ ಎರಡೂ ಕೈ ಕೊಟ್ಟು ಹಿಡಿದಳು. ಆ ಇಕ್ಕಟ್ಟಿನ ಅಂಗಡಿಯಲ್ಲಿ ಕೈಯೆತ್ತಲೂ ಜಾಗವಿಲ್ಲದಂತಾಯಿತು.

"ಇದು ನಮ್ಮ ಮನೆ ವಿಷಯ" ಎಂದ ಮೇಸ್ತ್ರಿ. "ನೀವ್ಯಾರೂ ತಲೆ ಹಾಕಬೇಡಿ."

"ನಮ್ಮ ಮನೆ ವಿಷಯಾನೇ" ಎಂದಳು ಮುದುಕಿ. "ಅದಕ್ಕೇ ಬಂದ್ವಿ."

ಅವಳ ದನಿ ನಡುಗುತ್ತಿತ್ತು. ಹೆದರದವರು ಅಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡಿ ಕೊರಳಪಟ್ಟಿ ಬಿಟ್ಟ. "ಎಷ್ಟು ದಿನ ಹೀಗೆ ಅಂಟಿಕೊಂಡಿರ್ತೀರೋ ನೋಡ್ತೀನಿ" ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಅಕ್ಕ ಬಂದು ತಂಗಿಯನ್ನು ಕರೆದೊಯ್ದಳು. ಭಯ ಮಾತ್ರ ಬೀದಿ ಬಿಟ್ಟು ಹೋಗಲಿಲ್ಲ. ಭಾನುವಾರ ಮೆಲ್ಲಗೆ ಮಾಮ ಕೈಗೆ ಪಟ್ಟಿ ಹಾಕಿಕೊಂಡು, ಮಂದಿರಕ್ಕೆ ಹೊರಟು, ಮನೆಯ ಹೊಸ್ತಿಲ ಬಳಿ ನಿಂತೇ ಇದ್ದ.

"ಬೇಡ ಅನ್ಸಿದ್ರೆ ಇವತ್ತು ಬೇಡ ಬಿಡಿ" ಎಂದಳು ಹೆಂಡತಿ.

"ಇವತ್ತು ಹೋಗದಿದ್ರೆ ಮುಂದಿನ ವಾರಾನೂ ಹೋಗಲ್ಲ. ನನ್ನ ಬುದ್ಧಿ ನನಗೆ ಗೊತ್ತು."

ಮಂದಿರದಲ್ಲಿ ಅರ್ಧ ಬೆಂಚುಗಳು ಖಾಲಿಯಿದ್ದವು. ಮುಂದಿನ ಬೆಂಚಿನಲ್ಲಿ ಮೇಸ್ತ್ರಿ ಎಂದಿನಂತೆ ಕುಳಿತಿದ್ದ, ಅವನ ಆಸುಪಾಸಿನಲ್ಲಿ ಯಾರೂ ಇರಲಿಲ್ಲ. ಪ್ರಾರ್ಥನೆಯ ನಡುವೆ ಅಕ್ಕಪಕ್ಕದವರು ಕೈಕುಲುಕಿ ಸಮಾಧಾನ ಹಾರೈಸುವ ಹೊತ್ತು ಬಂತು. ಮೆಲ್ಲಗೆ ಮಾಮ ಎದ್ದ. ಹೆಂಡತಿ ಅವನ ಅಂಗಿ ಹಿಡಿದೆಳೆದಳು. ಅವನು ಮುಂದೆ ಹೋಗಿ ಮೇಸ್ತ್ರಿಗೆ ಎಡಗೈ ಚಾಚಿದ. ಬಲಗೈ ಚಾಚುವ ಸ್ಥಿತಿಯಲ್ಲಿರಲಿಲ್ಲ.

"ನಿಮಗೆ ಸಮಾಧಾನ ಇರಲಿ" ಎಂದ. "ಅವಳಿರೋ ಜಾಗ ಮಾತ್ರ ಹೇಳಲ್ಲ."

ಮೇಸ್ತ್ರಿ ಆ ಕೈಯನ್ನು ನೋಡಿದ. ಹಿಡಿಯಲಿಲ್ಲ, ಹೊಡೆಯಲೂ ಇಲ್ಲ. ಎದ್ದು ಹೊರಟುಹೋದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದೂ ಮೆಲ್ಲಗೆ ಮಾಮನಿಗೆ ಒಂದಷ್ಟು ಹೊತ್ತು ಹೊಳೆಯಲಿಲ್ಲ. ಆಮೇಲೆ ಪಾದ್ರಿಗಳು ಸ್ಲೇಟಿನಲ್ಲಿ "ಅಷ್ಟು ಪ್ರೀತಿ ಎಲ್ಲಿಂದ ಬಂತು?" ಎಂದು ಬರೆದು ತೋರಿಸಿದರು. "ಪ್ರೀತಿನೋ ಏನೋ ಗೊತ್ತಿಲ್ಲ ಪಾದ್ರಿಗಳೇ. ಭಯ ಅಂತೂ ಇತ್ತು" ಎಂದ.

ಕೆಲವು ವಾರ ಸಂಜೆಯಾದರೆ ಶಟರಿಗೆ ಕಲ್ಲು ಬೀಳುತ್ತಿದ್ದವು. ಸಭೆಯವರು ಸರದಿಯ ಮೇಲೆ ಬಂದು ಅಂಗಡಿಯಲ್ಲಿ ಕೂರಲು ಶುರುಮಾಡಿದರು. ಒಂದು ದಿನ ಸಂಗೀತದ ಮೇಷ್ಟ್ರು ಯಾವ ರಿಪೇರಿಯೂ ಬೇಡದ ಪ್ಯಾಂಟೊಂದನ್ನು ಹಿಡಿದು ಬಂದು, ತಲೆ ತಗ್ಗಿಸಿ ಕುಳಿತು, ಕತ್ತಲಾದ ಮೇಲೆ ಎದ್ದು ಹೋದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಎರಡು ಕುಟುಂಬಗಳು ಮೇಸ್ತ್ರಿಯ ಪರ ವಹಿಸಿ ಸಭೆಗೆ ಬರುವುದನ್ನೇ ಬಿಟ್ಟವು. ಮಳೆಗಾಲ ಮುಗಿಯುವಷ್ಟರಲ್ಲಿ ಮೇಸ್ತ್ರಿ ಬೇರೆ ಊರಿನ ಗೋದಾಮಿಗೆ ಹೋದನೆಂಬ ಸುದ್ದಿ ಬಂತು. ಆ ಹೆಣ್ಣುಮಗಳಿಗೆ ಅಕ್ಕನ ಊರಿನ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಆಗೀಗ ಫೋನು ಮಾಡಿ ಮಾಮನ ಹೆಂಡತಿಯ ಹತ್ತಿರ ಮಾತಾಡುತ್ತಿದ್ದಳು. ಮಾಮನ ಕೈ ಹೇಗಿದೆ ಎಂದು ಮೊದಲು ಕೇಳುತ್ತಿದ್ದಳು.

ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಕತ್ತರಿ ಹಿಡಿದರೆ ಬಟ್ಟೆ ಒಂದು ಕಡೆಗೆ ವಾಲುತ್ತಿತ್ತು. ಕತ್ತರಿಸುವ ಕೆಲಸವನ್ನು ಹೆಂಡತಿ ಕಲಿತಳು, ಹೊಲಿಯುವುದು ಅವನದಾಯಿತು. ದನಿ ಮರಳಿದ ಮೇಲೆ ಪಾದ್ರಿಗಳು ಇನ್ನೊಮ್ಮೆ ಪ್ರಸಂಗ ಮಾಡೆಂದು ಕೇಳಿದರು. ಅವನು ಉತ್ತರಿಸುವ ಮೊದಲೇ ಹೆಂಡತಿ, "ಬೇಡಿ ಪಾದ್ರಿಗಳೇ. ಇವರು ಇನ್ನೊಂದ್ಸಲ ಬಾಯಿ ಬಿಟ್ರೆ ಇನ್ನೊಂದು ಕೈನೂ ಹೋಗುತ್ತೆ" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ.

ಎಷ್ಟೋ ಕಾಲ ಕಳೆದ ಮೇಲೆ ಒಂದು ದಿನ ಪೇಟೆಯಲ್ಲಿ ಮೇಸ್ತ್ರಿಯ ಹಾಗೆಯೇ ಅಗಲ ಬೆನ್ನಿನ ಗಂಡಸೊಬ್ಬ ಮುಂದೆ ನಡೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಕೂಡಲೇ ಪಕ್ಕದ ಔಷಧಿ ಅಂಗಡಿಗೆ ನುಗ್ಗಿ ಗೋಡೆಗೆ ಒರಗಿ ನಿಂತ. ಹೆಂಡತಿ ಹುಡುಕಿಕೊಂಡು ಬಂದಾಗ ಬೆವರಿನಿಂದ ತೊಯ್ದಿದ್ದ. "ಅವನಲ್ಲ ರೀ. ನಾನು ಮುಖ ನೋಡಿ ಬಂದೆ" ಎಂದಳು. ಅವನು ತಲೆಯಾಡಿಸಿದ, ಆದರೆ ಕಾಲು ಎತ್ತಲಿಲ್ಲ. ಅವಳು ಅವಸರ ಮಾಡಲಿಲ್ಲ. ಅಂಗಡಿಯವನನ್ನು ಕೇಳಿ ಒಂದು ಲೋಟ ನೀರು ತಂದುಕೊಟ್ಟು, ಅವನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತುಕೊಂಡಳು.