ಬಾಯಮ್ಮ ಒಯ್ಯಲಿದ್ದ ಮಾತು

ಕಳೆದ ವಾರ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಬಿಳಿ ಪಾಪ್ಲಿನ್ ಥಾನು ಬಿಚ್ಚಿ ನನ್ನ ಮುಂದೆ ಹರವಿದರು. ಹೊಸ ಬಟ್ಟೆಯ ಗಂಜಿವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲಿ ನಿಲ್ಲಲಾಗಲಿಲ್ಲ. ಏನೂ ಕೊಳ್ಳದೆ ಹೊರಗೆ ಬಂದೆ. ಹೊನ್ನಾವರದ ಹೊಲಿಗೆ ಬಾಯಮ್ಮನ ಕೋಣೆಯ ವಾಸನೆ ಅದು...

ನಮ್ಮ ಕೇರಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ಬಾಯಮ್ಮ ಅಂತಲೇ ಕರೆಯುತ್ತಿದ್ದೆವು. ಇವರು ಇಗರ್ಜಿಯ ಹಿಂದಿನ ಓಣಿಯಲ್ಲಿ ನಾಲ್ಕು ಮಷಿನು ಇಟ್ಟು ನಮಗೆ ಹೊಲಿಗೆ ಕಲಿಸುತ್ತಿದ್ದರು. ಏಳು ವರ್ಷದ ಮಗಳೊಬ್ಬಳು ಇದ್ದಳಂತೆ. ಇಗರ್ಜಿಯಲ್ಲಿ ಮಕ್ಕಳು ಮೊದಲ ಸಲ ಪರಮಪ್ರಸಾದ ತಕ್ಕೊಳ್ಳುವ ಹಬ್ಬಕ್ಕೆಂದು ಹೊಲಿದಿಟ್ಟ ಬಿಳಿ ಫ್ರಾಕು ತೊಡುವ ಮೊದಲೇ ಜ್ವರದಲ್ಲಿ ಹೋದಳು. ಆಮೇಲೆ ಪ್ರತಿವರ್ಷ ಊರಿನ ಕ್ರಿಶ್ಚಿಯನ್ ಹೆಣ್ಣುಮಕ್ಕಳಿಗೆಲ್ಲ ಅಂಥದೇ ಫ್ರಾಕು ಹೊಲಿಯುತ್ತಿದ್ದವರು ಬಾಯಮ್ಮನೇ. ಮಕ್ಕಳು ತೊಟ್ಟು ಗಿರಗಿರ ತಿರುಗಿದರೆ ಚಪ್ಪಾಳೆ ತಟ್ಟಿ ನಗುತ್ತಿದ್ದರು. ನನಗದು ಅರ್ಥವೇ ಆಗುತ್ತಿರಲಿಲ್ಲ.

ನನಗೆ ಇಪ್ಪತ್ತೆರಡು ತುಂಬಿದ ವರ್ಷ ಶರಾವತಿಯ ಅಳಿವೆಯಲ್ಲಿ ದೋಣಿ ಮಗುಚಿತು. ಮೂವರು ಈಜಿ ದಡ ಸೇರಿದರು. ನನ್ನ ತಮ್ಮ ಸೇರಲಿಲ್ಲ. ಅವನ ದೇಹವೂ ಸಿಗಲಿಲ್ಲ. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಸಂಜೆಯಾದರೆ ದಂಡೆಯುದ್ದಕ್ಕೂ ನಡೆಯುತ್ತಿದ್ದೆ. ತೇಲಿಬಂದ ಬುಟ್ಟಿ, ಬಲೆಯ ಚೂರು ಎಲ್ಲವನ್ನೂ ಕಾಲಿನಿಂದ ಹೊರಳಿಸಿ ನೋಡುತ್ತಿದ್ದೆ. ಒಂದು ಸಂಜೆ ಬಾಯಮ್ಮ ಕೋಣೆಗೆ ಬೀಗ ಹಾಕಿ ನನ್ನ ಜೊತೆ ಹೊರಟರು. ಮರುದಿನವೂ ಬಂದರು. ದೇವರ ಮಾತಿಲ್ಲ, ಸಮಾಧಾನವಿಲ್ಲ, ಸುಮ್ಮನೆ ನಡೆಯುತ್ತಿದ್ದರು.

ಒಂದು ದಿನ ನಾನೇ ಸಿಟ್ಟಿನಿಂದ ಕೇಳಿದೆ: "ನಿಮ್ಮ ಸ್ವರ್ಗದಲ್ಲಿ ನನ್ನ ತಮ್ಮಂಗೆ ಜಾಗ ಇದ್ಯಾ ಬಾಯಮ್ಮ? ಅವ ನಿಮ್ಮವ ಅಲ್ಲ."

"ನಂಗೆ ಗೊತ್ತಿಲ್ಲ ಮಗಾ," ಅಂದರು ಬಾಯಮ್ಮ. "ಆದ್ರೆ ಸ್ವರ್ಗದ ಬಾಗಿಲಲ್ಲಿ ಇರುವವನು ಯಾರು ಅಂತ ಗೊತ್ತುಂಟು. ಅವ ಕಲ್ಲುಮನಸ್ಸಿನವ ಅಲ್ಲ."

ಆ ಉತ್ತರ ನನಗೆ ಸಾಲಲಿಲ್ಲ. ಆದರೆ ಸುಳ್ಳು ಹೇಳಲಿಲ್ಲವಲ್ಲ ಎನಿಸಿತು.

ಪರಮಪ್ರಸಾದದ ಹಬ್ಬ ಹತ್ತಿರ ಬಂದಾಗ ಒಂದು ಫ್ರಾಕಿನ ಅಂಚು ಮಡಿಚುವ ಕೆಲಸ ನನಗೆ ಕೊಟ್ಟರು. ಹಬ್ಬದ ಪುಟ್ಟ ಹುಡುಗಿಗೆ ಅದನ್ನು ತೊಡಿಸಿ ನೋಡುವಾಗ ಅವಳು ತಿರುಗೀ ತಿರುಗೀ ತಲೆಸುತ್ತು ಬಂದು ಬಟ್ಟೆಚೂರಿನ ರಾಶಿಯ ಮೇಲೆ ಕುಸಿದಳು. ನಾನು ಗೊಳ್ಳೆಂದು ನಕ್ಕುಬಿಟ್ಟೆ. ಮರುಕ್ಷಣ ಮೈಯೆಲ್ಲ ಉರಿದುಹೋಯಿತು. ತಮ್ಮ ನೀರಲ್ಲಿದ್ದಾನೆ, ನಾನು ನಗುತ್ತಿದ್ದೇನೆ! ಎದ್ದು ಅಳುತ್ತ ಹೊರಗೆ ಓಡಿದೆ. ಬಾಯಮ್ಮ ಹಿಂದೆಯೇ ಬಂದು ರಟ್ಟೆ ಹಿಡಿದರು.

"ನಕ್ಕಿದ್ದಕ್ಕೆ ಎಂತಕ್ಕೆ ಅಳ್ತೀ? ನನ್ನ ಮಗಳು ಇರುವಲ್ಲಿ ದಿನಾ ಹಬ್ಬ ಅಂತ ನಂಬಿದವಳು ನಾನು. ಇಲ್ಲೇ ಸ್ವಲ್ಪ ರೂಢಿ ಮಾಡ್ಕೊಳ್ಳದಿದ್ರೆ, ಅಲ್ಲಿ ಹೋಗಿ ಮೋರೆ ಗಂಟಿಕ್ಕಿ ಕೂರೂದಾ?"

ಕಣ್ಣು ಮಾತ್ರ ಅವರದೂ ತುಂಬಿತ್ತು. ಆ ನಗು ಅವರಿಗೂ ಸುಲಭದ್ದಾಗಿರಲಿಲ್ಲ ಎಂದು ತಿಳಿದದ್ದು ಆಗ.

ನಾನು ಮದುವೆಯಾಗಿ ಕುಮಟೆಗೆ ಬಂದೆ. ಬಾಯಮ್ಮ ಕಾಯಿಲೆ ಬಿದ್ದು ಭಟ್ಕಳದ ತಂಗಿಯ ಮನೆ ಸೇರಿದರು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಅನ್ನುತ್ತ ತಡಮಾಡಿದೆ. ಹೋದಾಗ ಹಾಸಿಗೆಯಲ್ಲಿ ಹಿಡಿಯಷ್ಟಾಗಿದ್ದರು. ಗುರುತು ಹಿಡಿದು ಮೊದಲು ಕೇಳಿದ್ದು, "ತಮ್ಮ ಸಿಕ್ಕಿದ್ನಾ?"

ಇಲ್ಲವೆಂದು ತಲೆಯಾಡಿಸಿದೆ.

"ಹಾಂಗಾದ್ರೆ ಅಲ್ಲಿ ನಾನೇ ಅವನ್ನ ಮೊದಲು ನೋಡ್ತೆ. ಅವಂಗೆ ಎಂತ ಹೇಳ್ಬೇಕು, ಹೇಳು."

ಪಕ್ಕದೂರಿಗೆ ಹೊರಟವರು ಕೇಳುವ ಹಾಗೆ ಕೇಳಿದರು. ಹೇಳಿದರೆ ಅವನು ಸತ್ತದ್ದು ಖರೆ ಆಗುತ್ತದಲ್ಲ... "ಮುಂದಿನ ಸಲ ಬಂದಾಗ ಹೇಳ್ತೆ," ಅಂದೆ. "ಆತು," ಅಂದು ಕಣ್ಣು ಮುಚ್ಚಿದರು. ಆ ಮುಂದಿನ ಸಲ ಬರಲಿಲ್ಲ. ಹತ್ತೇ ದಿನದಲ್ಲಿ ಸುದ್ದಿ ಬಂತು.

ಅವರ ನಂಬಿಕೆ ನನಗೆ ಬಂದಿಲ್ಲ. ಆದರೂ ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಬಸ್ಸು ಸಾಗುವಾಗ ಇವತ್ತಿಗೂ ಸೀಟಿನಲ್ಲಿ ಕೂರಲಾಗದೆ ಎದ್ದು ನಿಲ್ಲುತ್ತೇನೆ. ಹೇಳಬೇಕಾದ ಮಾತು ಈಗ ಬಾಯಿತುದಿಯಲ್ಲೇ ಇದೆ. ದೋಣಿ ಹತ್ತಲು ಹೊರಟ ಬೆಳಿಗ್ಗೆ ತಮ್ಮ ಬಾಗಿಲಲ್ಲಿ ನಿಂತು "ಅಕ್ಕಾ, ಬತ್ತೆ" ಅಂದಿದ್ದ. ಯಾವುದೋ ಸಿಟ್ಟಿಗೆ ನಾನು ತಲೆ ಎತ್ತಿರಲಿಲ್ಲ. ನನಗೆ ಕೇಳಿಸಿತ್ತು ಅಂತ ಅವನಿಗೆ ಹೇಳಬೇಕಿತ್ತು, ಬಾಯಮ್ಮ. ಅಷ್ಟೇ.